ಟಪಲ್‌ನ ಫೀಲ್ಡ್‌ಗಳಿಗೆ ಹೆಸರು: ನೇಮ್ಡ್‌ಟಪಲ್ ಸಾಕಾ, ಡೇಟಾಕ್ಲಾಸ್ ಬೇಕಾ?

ಪ್ರಶ್ನೆ
ಪೈಥಾನ್ 3.11. ಒಂದು ಫಂಕ್ಷನ್ ಅಗಲ, ಎತ್ತರ, ತೂಕ ಮೂರನ್ನೂ ಟಪಲ್ (ಆಮೇಲೆ ಬದಲಿಸಲಾಗದ ಪಟ್ಟಿ) ಮಾಡಿ ರಿಟರ್ನ್ ಮಾಡುತ್ತೆ. ಕೋಡ್ ತುಂಬಾ ಅ[0], ಅ[2]. ಯಾವುದು ಏನು ಅಂತ ಪ್ರತಿ ಸಲ ಫಂಕ್ಷನ್‌ಗೇ ಹೋಗಿ ನೋಡಬೇಕು. ಇದನ್ನು ಕರೆಯುವ ಜಾಗ ಸುಮಾರು 40 ಇವೆ. ನೇಮ್ಡ್‌ಟಪಲ್ (ಫೀಲ್ಡ್‌ಗಳಿಗೆ ಹೆಸರಿರುವ ಟಪಲ್) ಮಾಡಿದರೆ ಅವೆಲ್ಲ ಹಾಗೇ ಓಡುತ್ತವಾ? ಇಲ್ಲ ಡೇಟಾಕ್ಲಾಸೇ (ಡೇಟಾ ಇಡೋಕೆ ಅಂತಲೇ ಬರೆಯುವ ಕ್ಲಾಸ್) ವಾಸಿನಾ?

ಉತ್ತರ 1
ಓಡುತ್ತವೆ. ನೇಮ್ಡ್‌ಟಪಲ್ ಅಂದರೆ ಟಪಲ್‌ನ ಸಬ್‌ಕ್ಲಾಸೇ, ಹಾಗಾಗಿ ಇಂಡೆಕ್ಸ್, ಅನ್‌ಪ್ಯಾಕಿಂಗ್ (ಒಂದೊಂದನ್ನೂ ಬೇರೆ ಬೇರೆ ವೇರಿಯೇಬಲ್‌ಗೆ ಹಾಕೋದು) ಯಾವುದೂ ಕೆಡಲ್ಲ. ಡೇಟಾಕ್ಲಾಸ್ ಆದರೆ 40 ಕಡೆಯೂ ಕೈ ಹಾಕಬೇಕು. ಟೈಪಿಂಗ್ ಮಾಡ್ಯೂಲ್‌ನಲ್ಲಿರುವುದನ್ನು ಬಳಸಿ, ಓದೋಕೆ ಸಲೀಸು:

    ಕ್ಲಾಸ್ ಅಳತೆ(ನೇಮ್ಡ್‌ಟಪಲ್):
        ಅಗಲ: ಫ್ಲೋಟ್
        ಎತ್ತರ: ಫ್ಲೋಟ್
        ತೂಕ: ಫ್ಲೋಟ್ = 0.0

ಡೀಫಾಲ್ಟ್ ಇರುವ ಫೀಲ್ಡ್‌ಗಳು ಕೊನೆಗೇ ಬರಬೇಕು, ಇಲ್ಲದಿದ್ದರೆ ಟೈಪ್‌ಎರರ್. ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುವಂತಿಲ್ಲ. ಅ.ಅಗಲ = 5 ಅಂತ ಬರೆದರೆ ಆಟ್ರಿಬ್ಯೂಟ್‌ಎರರ್. ಬದಲಿಸೋಕೆ _ರಿಪ್ಲೇಸ್ ಇದೆ, ಆದರೆ ಅದು ಹೊಸ ಟಪಲ್ ಕೊಡುತ್ತೆ. ಅದನ್ನು ವೇರಿಯೇಬಲ್‌ಗೆ ಹಾಕಿಕೊಳ್ಳದೆ ಬಿಟ್ಟರೆ ಏನೂ ಬದಲಾಗಿರಲ್ಲ, ಎರರೂ ಬರಲ್ಲ.

ಉತ್ತರ 2
ಮೇಲಿನದ್ದು ಸರಿ. ಆದರೆ ಹೋಲಿಕೆ ಮಾಡುವಾಗ ಹುಷಾರು: ಬಣ್ಣ ಅಂತ ಇನ್ನೊಂದು ನೇಮ್ಡ್‌ಟಪಲ್ ಇದ್ದರೆ, ಅಳತೆ(2, 3, 1) == ಬಣ್ಣ(2, 3, 1) ಅಂದರೆ ಟ್ರೂ ಬರುತ್ತೆ! ಕ್ಲಾಸ್ ಯಾವುದು ಅಂತ ಟಪಲ್ ನೋಡೋದೇ ಇಲ್ಲ. ಹ್ಯಾಶ್ (ಡಿಕ್ಷನರಿ ಕೀ ಹುಡುಕೋಕೆ ಬಳಸುವ ಸಂಖ್ಯೆ) ಕೂಡ ಒಂದೇ. ಎರಡನ್ನೂ ಒಂದೇ ಡಿಕ್ಷನರಿಗೆ ಕೀ ಮಾಡಿದರೆ ಮೊದಲನೆಯದರ ವ್ಯಾಲ್ಯೂ ಮೇಲೆ ಎರಡನೆಯದು ಸದ್ದಿಲ್ಲದೆ ಕೂತುಬಿಡುತ್ತೆ.

ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಡಂಪ್ ಮಾಡಿದರೂ ಹೆಸರುಗಳು ಹೋಗಿ [2, 3, 1] ಅಷ್ಟೇ ಉಳಿಯುತ್ತೆ. ಮೊದಲು _ಆಸ್‌ಡಿಕ್ಟ್‌ನಿಂದ ಡಿಕ್ಷನರಿ ಮಾಡಿ ಕೊಡಿ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ಮುಂದೆ "ಆಳ" ಅಂತ ಇನ್ನೊಂದು ಫೀಲ್ಡ್ ಬರುತ್ತೆ. ಎತ್ತರದ ಪಕ್ಕದಲ್ಲಿ ಹಾಕಿದರೆ?

ಉತ್ತರ 2
ಬೇಡವೇ ಬೇಡ. ಅ[2] ಆಗ ತೂಕದ ಬದಲು ಆಳ ಆಗುತ್ತೆ. ಎರಡೂ ಫ್ಲೋಟ್, ಆದ್ದರಿಂದ ಟೈಪ್ ಚೆಕರ್‌ಗೂ ಸಿಕ್ಕಲ್ಲ, ಲೆಕ್ಕ ಮಾತ್ರ ತಪ್ಪು. ಕೊನೆಗೆ ಸೇರಿಸಿದರೆ ಇಂಡೆಕ್ಸ್ ಉಳಿಯುತ್ತೆ, ಆದರೆ ಮೂರು ವೇರಿಯೇಬಲ್‌ಗೆ ಅನ್‌ಪ್ಯಾಕ್ ಮಾಡುವ ಕಡೆಯೆಲ್ಲ ವ್ಯಾಲ್ಯೂಎರರ್. ಅದು ವಾಸಿ, ಕಣ್ಣಿಗಾದರೂ ಬೀಳುತ್ತೆ.

ಉತ್ತರ 3
ಫೀಲ್ಡ್ ಹೀಗೆ ಬೆಳೀತಾ ಹೋಗುತ್ತೆ ಅಂತಾದರೆ ಅದು ಟಪಲ್ ಅಲ್ಲ, ರೆಕಾರ್ಡ್. ಡೇಟಾಕ್ಲಾಸ್‌ಗೆ ಫ್ರೋಜನ್=ಟ್ರೂ (ಆಮೇಲೆ ಬದಲಿಸೋಕಾಗಲ್ಲ), ಸ್ಲಾಟ್ಸ್=ಟ್ರೂ (ಹೇಳಿದ ಫೀಲ್ಡ್ ಬಿಟ್ಟು ಬೇರೆ ಸೇರಿಸೋಕಾಗಲ್ಲ; 3.10ರಿಂದ ಇದೆ) ಕೊಡಿ. ಹ್ಯಾಶ್ ತಾನೇ ಸಿಗುತ್ತೆ, ಹೋಲಿಕೆಯಲ್ಲಿ ಕ್ಲಾಸೂ ಲೆಕ್ಕಕ್ಕೆ ಬರುತ್ತೆ. ಹಳೆ ಅನ್‌ಪ್ಯಾಕಿಂಗ್ ಸದ್ಯಕ್ಕೆ ಓಡಲಿ ಅಂದರೆ __ಇಟರ್__ ಬರೆದು ಹಳೆಯ ಮೂರನ್ನೇ ಯೀಲ್ಡ್ ಮಾಡಿ. ಅ[0] ಅಂತ ಬರೆದ ಕಡೆ ಮಾತ್ರ ಟೈಪ್‌ಎರರ್ ಬರುತ್ತೆ, ಅವನ್ನು ಮೊದಲು ಹೆಸರಿಗೆ ಬದಲಿಸಿಕೊಳ್ಳಿ.