ದೊಡ್ಡಾಟದ ವಿಡಿಯೋ ಇಡಲೋ, ತೆಗೆಯಲೋ?

ಶಿಗ್ಗಾವಿ ಹುಡುಗ
ಈ ಸಲ ನಮ್ಮೂರ ಜಾತ್ರೆಯಲ್ಲಿ ದ್ರೌಪದಿ ವಸ್ತ್ರಾಪಹರಣ ದೊಡ್ಡಾಟ, ಅಂದರೆ ನಮ್ಮ ಕಡೆಯ ಬಯಲಾಟ, ಆಯ್ತು. ರಾತ್ರಿ 10ಕ್ಕೆ ಗಣಪತಿ ಸ್ತುತಿ, ಮಂಗಳ ಹಾಡಿದಾಗ ಬೆಳಗಿನ 6. ಎರಡು ಕ್ಯಾಮೆರಾ ಇಟ್ಟು ಎಂಟೂ ತಾಸು ಶೂಟ್ ಮಾಡಿ ಯೂಟ್ಯೂಬಿಗೆ ಹಾಕಿದೆ. ಬೆಂಗಳೂರು, ಪುಣೆ ಸೇರಿದ ಊರಿನವರೆಲ್ಲ ನೋಡಿ ಫೋನ್ ಮಾಡಿದರು. ಆದರೆ ಆಟ ಕಲಿಸಿದ ಮಾಸ್ತರು ಮನೆಗೇ ಬಂದು ತೆಗಿ ಅಂದರು. "ತಮ್ಮಾ, ಮೊಬೈಲಿನ್ಯಾಗ ಸಿಕ್ಕರ ಮುಂದಿನ ವರ್ಷ ಆಟದ ಅಟ್ಟದ ಮುಂದ ಯಾರು ಕೂಡ್ತಾರ?" ಅವರಿಗೆ 74 ವರ್ಷ. ಅವರನ್ನು ಬಿಟ್ಟರೆ ಆಟ ಪೂರ್ತಿ ಗೊತ್ತಿರುವವರು ಊರಲ್ಲಿ ಇಲ್ಲ. ಅದಕ್ಕೇ ಶೂಟ್ ಮಾಡಿದ್ದು. ತಪ್ಪು ಮಾಡಿದೆನಾ?

ಹುಬ್ಬಳ್ಳಿ ವಿಡಿಯೋ
ತೆಗೆಯಬೇಡಿ. ಮೊದಲು ಒಂದು ಹೇಳಿ, ಕ್ಯಾಮೆರಾದ ಮೂಲ ಫೈಲು ಇವೆಯಾ? ಯೂಟ್ಯೂಬ್ ವಿಡಿಯೋವನ್ನು ಹಿಂಡಿ ಸಣ್ಣದು ಮಾಡಿ ಇಡುತ್ತದೆ. ಹಾರ್ಮೋನಿಯಂನವರು ನಡುವೆ ಒಂದು ಸಿನಿಮಾ ಧಾಟಿ ನುಡಿಸಿದರೂ ಕಾಪಿರೈಟ್ ಕ್ಲೇಮ್ ಬರಬಹುದು. ಯೂಟ್ಯೂಬನ್ನೇ ಕಪಾಟು ಅಂತ ನಂಬಬೇಡಿ.

ಇದನ್ನು ನೊಂದೇ ಹೇಳುತ್ತಿದ್ದೇನೆ. 2006ರಲ್ಲಿ ಒಂದು ಶ್ರೀಕೃಷ್ಣ ಪಾರಿಜಾತ ಬಯಲಾಟ ಪೂರ್ತಿ ಶೂಟ್ ಮಾಡಿದ್ದೆ, ಮಿನಿ ಡಿವಿ ಟೇಪಿನಲ್ಲಿ. ಕೊರವಂಜಿ ಬಂದು ಸತ್ಯಭಾಮೆಯ ಕೈ ನೋಡುವ ಭಾಗ ಅಷ್ಟು ಚೆನ್ನಾಗಿ ಬಂದಿತ್ತು. ಹತ್ತು ವರ್ಷದ ಮೇಲೆ ಡಬ್ಬಿ ತೆಗೆದರೆ ಟೇಪಿನ ಅಂಚಿಗೆಲ್ಲ ಬಿಳಿ ಬೂಷ್ಟು. ಓಡಿಸಲು ಹೋದರೆ ಪ್ಲೇಯರಿನ ಹೆಡ್ಡಿಗೆ ಅಂಟಿಕೊಂಡಿತು. ಆ ಕೊರವಂಜಿ ಪಾತ್ರಧಾರಿ ಈಗಿಲ್ಲ.

ಲೆಕ್ಕ ಹೇಳುತ್ತೇನೆ. ಫುಲ್ ಎಚ್‌ಡಿಯಲ್ಲಿ, 25 ಎಂಬಿಪಿಎಸ್‌ಗೆ, ತಾಸಿಗೆ ಸುಮಾರು 11 ಜಿಬಿ. ಎಂಟು ತಾಸಿಗೆ 90. ಎರಡು ಕ್ಯಾಮೆರಾಕ್ಕೆ 180. ಒಂದು ಟಿಬಿ ಹಾರ್ಡ್ ಡಿಸ್ಕಿನಲ್ಲಿ ಐದು ಆಟ ಕೂರುತ್ತವೆ. ಮೂರು ಕಾಪಿ ಇಡಿ, ಒಂದು ಬೇರೆ ಊರಲ್ಲಿರಲಿ. ಮೂರ್ನಾಲ್ಕು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಹಾಕಿಕೊಳ್ಳಿ.

ಹಾನಗಲ್ ಮದ್ದಲೆ
ನಾನು ಮೂವತ್ತು ವರ್ಷದಿಂದ ಹಿಮ್ಮೇಳದಲ್ಲಿ ಕೂಡುತ್ತೇನೆ. ನಿಮ್ಮ ವಿಡಿಯೋ ನಲವತ್ತು ನಿಮಿಷ ನೋಡಿದೆ. ದುಶ್ಶಾಸನ ಬರುವಾಗ ಕ್ಯಾಮೆರಾ ಅವನ ಕಿರೀಟ, ಮೀಸೆ, ಭುಜಕೀರ್ತಿ ಮೇಲಿದೆ. ಸೊಂಟದ ಕೆಳಗೆ ಏನೂ ಇಲ್ಲ. ಮದ್ದಲೆಗಾರ ನೋಡುವುದು ಮುಖ ಅಲ್ಲರೀ, ಹಿಮ್ಮಡಿ. ಅದು ಎತ್ತಿದಾಗ ನನ್ನ ಎಡಗೈ ತಯಾರಾಗುತ್ತದೆ, ನೆಲಕ್ಕೆ ಬಿದ್ದಾಗ ಬಲಗೈ ಬೀಳಬೇಕು. ವಯಸ್ಸಾದವರು ಕುಣಿದರೆ ಕೂದಲೆಳೆಯಷ್ಟು ತಡ ಮಾಡುತ್ತೇನೆ, ಗೆಜ್ಜೆಗೂ ಪೆಟ್ಟಿಗೂ ಕೂಡಲಿ ಅಂತ. ನಿಮ್ಮ ಎಂಟು ತಾಸಿನಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಅದನ್ನು ನೋಡಿ ಯಾರೂ ದೊಡ್ಡಾಟ ಕಲಿಯಲಾರರು.

ಕೇರಳದ ಹಳೆಯ ಸಂಸ್ಕೃತ ನಾಟಕ ಕಲೆ ಕೂಡಿಯಾಟ್ಟಂ ನೋಡಿ. 1965ರಲ್ಲಿ ಅಲ್ಲಿನ ಕಲಾಶಾಲೆ ಕಲಾಮಂಡಲಂ ಅದನ್ನು ಆಡುವ ಮನೆತನಗಳ ಹೊರಗಿನ ಹುಡುಗರಿಗೂ ಕಲಿಸಲು ಶುರುಮಾಡಿತು. ಯುನೆಸ್ಕೊ ಮನ್ನಣೆ ಬಂದದ್ದು 2001ರಲ್ಲಿ. ಉಳಿಸಿದ್ದು ಕಲಿಸಿದವರು. ಕ್ಯಾಮೆರಾಕ್ಕೆ ಹಾಕುವ ದುಡ್ಡು ಮಾಸ್ತರಿಗೆ ಕೊಡಿ. ನಮ್ಮ ಕಡೆ ಪಾರ್ಟು ಮಾಡುವವನೇ ವಂತಿಗೆ ಹಾಕಿ, ಡ್ರೆಸ್ ಬಾಡಿಗೆ ಕೊಟ್ಟು ಕುಣಿಯುತ್ತಾನೆ. ಅದು ಮೊದಲು ಕಾಣಲಿ.

ಗದಗಿನ ಅಕ್ಕ
ಮದ್ದಲೆ ಅಣ್ಣಾರ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ನಮ್ಮಜ್ಜ ಕರ್ಣನ ಪಾರ್ಟು ಮಾಡುತ್ತಿದ್ದರು. ಅವರ ದನಿ ಉಳಿದಿರುವುದು ಒಂದೇ ಕ್ಯಾಸೆಟ್ಟಿನಲ್ಲಿ, 11 ನಿಮಿಷ. ಕುಂತಿಗೆ ಕರ್ಣ ಉತ್ತರ ಹೇಳುವ ಜಾಗ. "ಅವ್ವಾ" ಅಂತ ಕರೆದು ತಡೆಯುತ್ತಾರೆ. ಮುಂದಿನ ಮಾತಿಗೆ ಮೊದಲೇ ಯಾರೋ ಅದರ ಮೇಲೆ ಸಿನಿಮಾ ಹಾಡು ತುಂಬಿಕೊಂಡಿದ್ದಾರೆ. ಅಜ್ಜ ಬರೆದುಕೊಂಡ ಪಾರ್ಟಿನ ನೋಟ್‌ಬುಕ್ ನಮ್ಮಲ್ಲಿದೆ, ಮುಂದಿನ ಮಾತು ಅದರಲ್ಲಿದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಪೆನ್ಸಿಲ್ ಗೀಟೂ ಇದೆ. ಆದರೆ ಆ ಮಾತನ್ನು ಅಜ್ಜ ಹೇಗೆ ಹೇಳುತ್ತಿದ್ದರು ಅನ್ನುವುದು ಹೋಯಿತು. ಕಾಲು ಕಾಣದ ಒಂದು ವಿಡಿಯೋ ಇದ್ದಿದ್ದರೂ ನನಗೆ ಸಾಕಿತ್ತು.

ನಮ್ಮ ಗದಗದಲ್ಲೇ ನಾಟಕಕಾರ ಶಾಂತಕವಿಗಳು 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ಉಷಾಹರಣ ಆಡಿಸಿದರು. ಪುಸ್ತಕ ಓದಬಹುದು. ಆ ಹಾಡು ಅಟ್ಟದ ಮೇಲೆ ಹೇಗೆ ಕೇಳಿಸುತ್ತಿತ್ತು ಅಂತ ಯಾರನ್ನು ಕೇಳಲಿ?

ಹಾನಗಲ್ ಮದ್ದಲೆ
ಅಕ್ಕಾರ, ಆ ಕ್ಯಾಸೆಟ್ಟಿನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನೆನಪಿಗೆ ವಿಡಿಯೋ ಬೇಕು, ಒಪ್ಪಿದೆ. ಆದರೆ ನೆನಪಿಗೆ ಇಟ್ಟಿದ್ದನ್ನು ಕಲೆ ಉಳಿಸಿದೆವು ಅನ್ನುವುದು ಬೇಡ.

ರಾಣೆಬೆನ್ನೂರ ಐಟಿ
ಮೈಗೆ ಸೆನ್ಸರ್ ಕಟ್ಟಿ ಮೋಷನ್ ಕ್ಯಾಪ್ಚರ್ ಮಾಡಿದರೆ ಹೆಜ್ಜೆ ಹೆಜ್ಜೆಯೂ ಸಿಗುತ್ತದಲ್ವಾ? ಯಾವ ಕಡೆಯಿಂದ ಬೇಕಾದರೂ ತಿರುಗಿಸಿ ನೋಡಬಹುದು.

ಹುಬ್ಬಳ್ಳಿ ವಿಡಿಯೋ
ಆಗುತ್ತದೆ, ಆದರೆ ಖರ್ಚು ಜಾಸ್ತಿ. ಭುಜಕೀರ್ತಿ, ಎದೆಹಾರದ ಭಾರದಲ್ಲಿ ಸೆನ್ಸರ್ ನಿಲ್ಲುವುದೂ ಕಷ್ಟ. ತಾಲೀಮಿನಲ್ಲಾದರೆ ವೇಷ ಇರುವುದಿಲ್ಲ, ಮೈ ಕಾಲು ಎಲ್ಲ ಬಿಚ್ಚಿ ಕಾಣುತ್ತದೆ. ಅಲ್ಲಿಗೆ ಸಾದಾ ಕ್ಯಾಮೆರಾನೇ ಸಾಕು. ಮದ್ದಲೆ ಮಾಸ್ತರೇ, ಇದು ಸರಿನಾ?

ಹಾನಗಲ್ ಮದ್ದಲೆ
ಇದು ಸರಿ. ಮೂರು ತಿಂಗಳು ತಾಲೀಮು ನಡೆಯುತ್ತದೆ. ಮಾಸ್ತರು ತಾಳ ಹಿಡಿದು "ಅಲ್ಲಲ್ಲ, ಮತ್ತೊಮ್ಮೆ" ಅಂತ ತಿದ್ದುವುದು ಅಲ್ಲೇ. ಜಾತ್ರೆ ರಾತ್ರಿ ಅವರು ಸುಮ್ಮನಿರುತ್ತಾರೆ. ಶೂಟ್ ಮಾಡಬೇಕಾದ್ದು ಆ "ಮತ್ತೊಮ್ಮೆ"ಯನ್ನು.

ಧಾರವಾಡ ಟೀಚರ್
ಶಿಗ್ಗಾವಿ ತಮ್ಮಾ, ಶೂಟ್ ಮಾಡುವ ಮೊದಲು ಆಡುವವರನ್ನು ಕೇಳಿದ್ದಿರಾ? ಕಾಪಿರೈಟ್ ಕಾಯ್ದೆಯಲ್ಲಿ ಆಡುವವರಿಗೂ ಹಕ್ಕಿದೆ, 50 ವರ್ಷ ಇರುತ್ತದೆ. ಕಾಯ್ದೆ ಇರಲಿ. ನಿಮ್ಮ ವಿಡಿಯೋದಲ್ಲಿ ದ್ರೌಪದಿ ಸಭೆಯಲ್ಲಿ ಅಳುವ 20 ಸೆಕೆಂಡ್ ಕತ್ತರಿಸಿ ಯಾರೋ ನಗುವ ಸದ್ದು ಸೇರಿಸಿ ರೀಲ್ಸ್ ಮಾಡಿದ್ದಾರೆ. ನನ್ನ ಕ್ಲಾಸಿನ ಮಕ್ಕಳೇ ತೋರಿಸಿದರು. ಆ ಪಾರ್ಟು ಮಾಡಿದ ಅಣ್ಣ ಮೂರು ತಿಂಗಳು ನಿದ್ದೆಗೆಟ್ಟು ಕಲಿತಿರುತ್ತಾನೆ. ನನಗೆ ಬಹಳ ಬೇಜಾರಾಯ್ತು.

ಆಮೇಲೆ ಅದೇ ಮಕ್ಕಳಿಗೆ ಪೂರ್ತಿ ಸನ್ನಿವೇಶ ಹಾಕಿ ತೋರಿಸಿದೆ. ಒಬ್ಬರೂ ನಗಲಿಲ್ಲ. "ಟೀಚರ್, ಇದು ಎಲ್ಲಿ ಆಡ್ತಾರೆ?" ಅಂತ ಕೇಳಿದರು. ಹಾಗಾಗಿ ನೋಡಿದವರು ಬರುವುದಿಲ್ಲ ಅನ್ನುವ ಮಾಸ್ತರ ಭಯ ನನಗಿಲ್ಲ. ಆದರೆ ಇಡೀ ಆಟ ಹಾಗೆ ಬಯಲಿಗೆ ಬಿಡುವುದು ಬೇಡ. ಜಾನಪದ ವಿಶ್ವವಿದ್ಯಾಲಯ ನಿಮ್ಮ ತಾಲ್ಲೂಕಿನ ಗೊಟಗೋಡಿಯಲ್ಲೇ ಇದೆ. ಪೂರ್ತಿ ಫೈಲು ಅಲ್ಲಿ ಇಟ್ಟುಕೊಳ್ಳುತ್ತಾರಾ ಅಂತ ಕೇಳಿ. ಹೊರಗೆ ಒಂದೆರಡು ಸನ್ನಿವೇಶ ಸಾಕು, ಆಡಿದವರ ಹೆಸರು, ಊರು ಹಾಕಿ.

ಶಿಗ್ಗಾವಿ ಹುಡುಗ
ಕೇಳಿರಲಿಲ್ಲ, ಅದು ನನ್ನ ತಪ್ಪು. ನಿನ್ನೆ ರಾತ್ರಿ ವಿಡಿಯೋ ಮರೆಗೆ ಇಟ್ಟೆ. ದ್ರೌಪದಿ ಪಾರ್ಟಿನ ಅಣ್ಣನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ರೀಲ್ಸ್ ಆಗಲೇ ನೋಡಿದ್ದರು. ಸಿಟ್ಟು ಮಾಡಲಿಲ್ಲ, ಚಹಾ ಕೊಟ್ಟರು. ಅದೇ ಜಾಸ್ತಿ ನೋವಾಯ್ತು.

ಮಾಸ್ತರ ಹತ್ತಿರವೂ ಹೋದೆ. ತಾಲೀಮು ಶೂಟ್ ಮಾಡಲಾ ಅಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ತಪ್ಪು ಹೆಜ್ಜಿನೂ ತಗೀತೀ ಏನ?" ಅಂತ ಕೇಳಿದರು. ಹೌದು ಅಂದೆ. "ಹಂಗಾರ ಬಾ. ಆದರ ನೀನೂ ಒಂದು ಪಾರ್ಟು ಕಲೀಬೇಕು" ಅಂದರು. ನನಗೆ ಸಾರಥಿ ಪಾರ್ಟು ಕೊಟ್ಟಿದ್ದಾರೆ, ಬಂದ ಪಾತ್ರಗಳನ್ನು ಮಾತಾಡಿಸಿ ಪರಿಚಯ ಮಾಡಿಸುವವನು. ಸೋಮವಾರ ರಾತ್ರಿ 9ಕ್ಕೆ ಶುರು. ಮದ್ದಲೆ ಮಾಸ್ತರೇ, ಕ್ಯಾಮೆರಾ ಎಷ್ಟು ಎತ್ತರಕ್ಕೆ ಇಡಲಿ?

ಹಾನಗಲ್ ಮದ್ದಲೆ
ನೆಲದಿಂದ ಒಂದು ಮೊಳ. ಹಿಮ್ಮೇಳದ ಬಲಗಡೆ ಇಡು, ಮದ್ದಲೆ ಮೇಲಿನ ಕೈಯೂ ಕುಣಿಯುವವನ ಪಾದವೂ ಒಟ್ಟಿಗೆ ಕಾಣಬೇಕು. ಸೋಮವಾರ ನಾನೂ ಬರುತ್ತೇನೆ.