ಚಾಕುವಿನ ಹಿಡಿಕಿ ಬದಲಿಸಬೇಕು: ಜಾಲಿನೋ, ಸಾಗವಾನಿನೋ, ಹೈಲಮ್ಮೋ?

ಕೇಳಿದವರು, ಬಾಗಲಕೋಟಿ ನವನಗರದಿಂದ:
ಅಡಗಿಮನಿ ಚಾಕುರಿ. ಅಲಗು 8 ಇಂಚು, ಇನ್ನೂ ಛಲೋ ಐತಿ. ಪ್ಲಾಸ್ಟಿಕ್ ಹಿಡಿಕಿ ಒಡದು ಹೋಗೈತಿ. ಒಳಗಿನ ಪಟ್ಟಿ ಹಿಡಿಕಿ ತುದೀತನಕ ಬಂದೈತಿ, 2 ಮಿ.ಮೀ. ದಪ್ಪ, 5 ಮಿ.ಮೀ. ತೂತು ಮೂರು. ದಿನಕ್ಕ ನಾಕೈದು ಸಲ ನೀರಿಗೆ ಬೀಳತೈತಿ. ಏನು ಹಾಕಿದ್ರ ವರ್ಷಾನುಗಟ್ಟಲೆ ತಡೀತೈತಿ? ಕಟ್ಟಿಗಿ ಹಾಕೋ ಆಸೆ ಐತಿ, ಆದ್ರ ಬ್ಯಾಸಗ್ಯಾಗ ಸೀಳತೈತಿ ಅಂತಾರ ಮಂದಿ.

ಬೆಳಗಾವಿ ಉದ್ಯಮಬಾಗದಿಂದ:
ದಿನಾ ನೀರಾಗ ಬೀಳೋ ಚಾಕುಗೆ ಹೈಲಂ ಶೀಟ್ ಹಾಕ್ರಿ, ಅಂದ್ರ ಪದರ ಪದರ ರಾಳದಾಗ ಒತ್ತಿ ಮಾಡಿದ ಗಟ್ಟಿ ಹಲಗಿ. ಮೋಟರ್ ರಿವೈಂಡಿಂಗ್ ಮಾಡೋರ ಹತ್ರ, ಇಲೆಕ್ಟ್ರಿಕ್ ಸಾಮಾನಿನ ಅಂಗಡ್ಯಾಗ ಕೇಳ್ರಿ, ತುಂಡು ಉಳದಿರತಾವ. ಇದರಾಗ ಎರಡು ಜಾತಿ ಅದಾವ. ಒಂದು ಕಾಗದದ ಪದರದ್ದು, ಇನ್ನೊಂದು ಬಟ್ಟಿ ಪದರದ್ದು. ನಿಮಗ ಬೇಕಾಗಿದ್ದು ಬಟ್ಟೀದು. ಕೊಯ್ದ ಅಂಚನ್ನ ಎಮರಿ ಪೇಪರಿನಿಂದ ತಿಕ್ಕಿ ನೋಡ್ರಿ, ನೇಯ್ಗಿ ಎಳಿ ಸಣ್ಣಗ ಕಾಣತಾವ. ಕಾಗದದ್ದು ಅಂಚಿನಿಂದ ನೀರು ಕುಡದು ಪದರ ಬಿಡತೈತಿ, ತೂತು ಹಾಕೋವಾಗ ಚಕ್ಕಿನೂ ಏಳತೈತಿ. ಬಟ್ಟೀದು ಒದ್ದಿ ಕೈಗೂ ಜಾರೂದಿಲ್ಲ, ಅದರ ದೊಡ್ಡ ಗುಣಾನೇ ಅದು. ಭಾಳ ನುಣುಪು ಮಾಡಬ್ಯಾಡ್ರಿ, 400 ನಂಬರ್ ಪೇಪರಿಗೆ ನಿಲ್ಲಸ್ರಿ.

ಹಸರು-ಹಳದಿ ಬಣ್ಣದ ಗ್ಲಾಸ್ ಎಪಾಕ್ಸಿ ಶೀಟ್ ಇನ್ನೂ ಗಟ್ಟಿ. ಆದ್ರ ಅದರ ಧೂಳಿನಾಗ ಗಾಜಿನ ಎಳಿ ಇರತೈತಿ. ನೀರು ಹಚ್ಚಿನೇ ತಿಕ್ಕಬೇಕು, ಮಾಸ್ಕ್ ಬೇಕೇ ಬೇಕು, ಅಡಗಿಮನ್ಯಾಗಂತೂ ಮಾಡಬಾರದು. ಅಕ್ರಿಲಿಕ್ ಬ್ಯಾಡ, ಕೆಳಗ ಬಿದ್ರ ತೂತಿನಿಂದ ಬಿರುಕು ಹೊಡೀತೈತಿ. ತರಕಾರಿ ಹೆಚ್ಚೋ ಬಿಳಿ ಪ್ಲಾಸ್ಟಿಕ್ ಮಣಿ ಕೊಯ್ದು ಹಾಕತಾರ ಕೆಲವರು, ಅದಕ್ಕ ಯಾವ ಅಂಟೂ ಹಿಡಿಯೂದಿಲ್ಲ. ಸಂದ್ಯಾಗ ನೀರು ನಿಂತು ಒಳಗೊಳಗ ತುಕ್ಕು.

ಜಮಖಂಡಿಯಿಂದ, ಬಡಿಗ್ಯಾರ ಕೆಲಸದವರು:
ಹೈಲಂ ಛಲೋನೇ, ಇಲ್ಲ ಅನ್ನೂದಿಲ್ಲ. ಆದ್ರ ಕಟ್ಟಿಗಿ ಸೀಳೂದು ಕಟ್ಟಿಗಿ ತಪ್ಪಲ್ರಿ, ಹಸಿ ಇದ್ದಾಗ ಹಾಕಿದವರ ತಪ್ಪು. ಮಳಿಗಾಲದಾಗ ಬೆಳಗಾವಿ, ಖಾನಾಪುರ ಕಡೆ ತಗೊಂಡ ತುಂಡು ಏಪ್ರಿಲ್‌ದಾಗ ವಿಜಯಪುರದ ಬಿಸಲಿಗೆ ಕುಗ್ಗತೈತಿ. ಕಬ್ಬಿಣದ ಪಟ್ಟಿ ಕುಗ್ಗೂದಿಲ್ಲ. ನಡುವ ತೂತಿನಾಗ ಹಾಕಿದ ಲೋಹದ ಪಿನ್ನು ಎರಡನ್ನೂ ಹಿಡಕೊಂಡಿರತೈತಿ, ಎಳದಾಟದಾಗ ಕಟ್ಟಿಗೀನೇ ಬಿರೀಬೇಕು.

ಪರೀಕ್ಷೆ ಸುಲಭ. 10 ಮಿ.ಮೀ. ದಪ್ಪಕ್ಕ ಸೀಳಿಸಿ ನೆರಳಿನಾಗ ಗಾಳಿಗಿಡ್ರಿ. ವಾರಕ್ಕೊಮ್ಮೆ ಗ್ರಾಂ ತೋರಸೋ ತಕ್ಕಡ್ಯಾಗ ತೂಗ್ರಿ. ಮೂರು ವಾರ ತೂಕ ಒಂದೇ ಇತ್ತಂದ್ರ ಒಣಗೈತಿ. ಅಷ್ಟು ಕಾಯಾಕ ಆಗದವರು ಹಳೇ ಮಂಚದ ಕಾಲು, ಮುರದ ತೊಟ್ಟಿಲ ಹುಡುಕ್ರಿ. ಸಾಗವಾನಿನೋ ಬೀಟಿನೋ ಸಿಕ್ರ ಅದು ಎಂದೋ ಒಣಗಿರತೈತಿ. ಮೊಳಿ ಉಳದಾವೇನು ನೋಡಿ ಗರಗಸ ಹಾಕ್ರಿ.

ಬೀಟಿ ಸಾಗವಾನಿಗಿಂತ ಗಟ್ಟಿ, ಧೂಳು ಮಾತ್ರ ಕೆಲವರಿಗೆ ತುರಿಕಿ ಎಬ್ಬಸತೈತಿ. ಸಾಗವಾನಿ ಹಗುರ, ನೀರಿಗೆ ಅಂಜೂದಿಲ್ಲ, ಆದ್ರ ಅದರ ಮೈಯಾಗಿನ ಎಣ್ಣಿ ಅಂಟಿಗೆ ಅಡ್ಡ ಬರತೈತಿ. ಅಂಟು ಹಚ್ಚೂಕಿಂತ ಸ್ವಲ್ಪ ಮೊದಲ ಅಸಿಟೋನ್‌ದಿಂದ ಒರಸ್ರಿ. ಹಿಂದಿನ ದಿನ ಒರಸಿಟ್ರ ಎಣ್ಣಿ ತಿರಗಿ ಮ್ಯಾಲ ಬರತೈತಿ.

ಖರ್ಚಿಲ್ಲದ್ದು ಬೇಕಂದ್ರ ಬಳ್ಳಾರಿ ಜಾಲಿ. ಹೊಲದ ಬದುವಿನಾಗ ಮಂದಿ ಉರುವಲಾ ಮಾಡೋ ಆ ಕಟ್ಟಿಗಿ ನೀರು ಕುಡದ್ರೂ ಒಣಗಿದ್ರೂ ಅಗಲ ಬದಲಾಗೂದು ಭಾಳ ಕಡಿಮಿ. ನಡುವಿನ ಕೆಂಪು ಕೆಚ್ಚಷ್ಟೇ ತಗೋರಿ, ಹೊರಗಿನ ಬಿಳಿ ಭಾಗಕ್ಕ ಹುಳ ಬೀಳತೈತಿ. ನಮ್ಮ ಕರಿಜಾಲಿನೂ ನಡೀತೈತಿ, ಕೊಡ್ಲಿ ಕಾವಿಗೆ ಹಾಕೋದು ಸುಮ್ಮನ ಅಲ್ಲ. ಮಾವು ಮಾತ್ರ ಬ್ಯಾಡ. ಎಳಿ ಹಿಡಿಕಿ ಉದ್ದಕ್ಕ ಓಡಬೇಕು, ಅಡ್ಡ ಓಡಿದ್ರ ತೂತಿನ ಹತ್ರ ಮುರೀತೈತಿ.

ವಿಜಯಪುರದಿಂದ:
ಸಾಮಾನು ಯಾವುದರ ಇರಲಿ, ಹಿಡಿಕಿ ಕೆಡೂದು ಸಂದಿಗೆ ಇಳಿಯೋ ನೀರಿನಿಂದ. ಅದಕ್ಕ ಕೂಡಸೋ ರೀತಿ ಬರೀತೀನಿ.

ಮೊದಲ ಅಲಗಿಗೆ ರಟ್ಟು ಸುತ್ತಿ ಟೇಪ್ ಹಾಕ್ರಿ. ಹಳೇ ರಿವಿಟ್ಟಿನ ತಲಿ ಒಂದು ಕಡೆ ಅರದಿಂದ ತಿಕ್ಕಿ ತಗದು, ಮೊಳಿ ಇಟ್ಟು ಬಡದ್ರ ಹೊರಗ ಬರತಾವ. ಪಟ್ಟೀನ 80 ನಂಬರ್ ಪೇಪರಿನಿಂದ ಹೊಳಪು ಬರೂತನಕ ತಿಕ್ರಿ. ತುಕ್ಕಿನ ಮ್ಯಾಲ ಅಂಟು ಹಾಕಿದ್ರ ತುಕ್ಕಿನ ಜೊತಿಗೇ ಕಳಚತೈತಿ.

ಎರಡೂ ಮಗ್ಗಲಿಗೆ 8 ಮಿ.ಮೀ. ದಪ್ಪದ ತುಂಡು ತಗೋರಿ. ಪಟ್ಟಿ ಸೇರಿ 18 ಆಗತೈತಿ, ತಿಕ್ಕಿದ ಮ್ಯಾಲ 16-17ಕ್ಕ ಬರತೈತಿ. ಒಂದು ತುಂಡನ್ನ ಪಟ್ಟಿಗೆ ಕ್ಲಾಂಪ್ ಮಾಡಿ ಪಟ್ಟೀ ತೂತಿನೊಳಗಿಂದನೇ ಡ್ರಿಲ್ ಹಾಕ್ರಿ. ಇನ್ನೊಂದಕ್ಕ ಆ ಕಡೆಯಿಂದ ಹಂಗ. ಮ್ಯಾಲ ಗುರುತು ಹಾಕಿ ಅಂದಾಜಿಗೆ ಹಾಕಿದ್ರ ಪಿನ್ನು ಓರಿಯಾಗತೈತಿ.

ಮಂದಿ ಮರೆಯೂದು ಇಲ್ಲಿ: ಅಲಗಿನ ಕಡೆ ಬರೋ ಮುಂದಿನ ತುದಿ ಅಂಟಿಸೂಕಿಂತ ಮೊದಲೇ ಪೂರ್ತಿ ನುಣುಪು ಆಗಿರಬೇಕು. ಅಂಟಿದ ಮ್ಯಾಲ ಅಲ್ಲಿ ಪೇಪರ್ ಆಡಸಿದ್ರ ಅಲಗಿನ ಮ್ಯಾಲ ಗೀರು ಬೀಳತಾವ. ಎರಡೂ ತುಂಡು ಪಿನ್ನಿನಾಗ ಜೋಡಿಸಿ ಒಟ್ಟಿಗೆ ತಿಕ್ರಿ, ಸಮ ಬರತಾವ.

ಅಂಟು ಎರಡು ಟ್ಯೂಬಿನ ಎಪಾಕ್ಸಿ, ನಿಧಾನ ಗಟ್ಟಿಯಾಗೋದು. ಐದು ನಿಮಿಷದ್ದು ನೀರಿಗೆ ಲಗೂನ ಸೋಲತೈತಿ. ನಮ್ಮ ಬ್ಯಾಸಗ್ಯಾಗ ನಿಧಾನದ್ದೂ ಬಟ್ಟಲದಾಗ ಬಡಾನ ಬಿಗೀತೈತಿ, ಅದಕ್ಕ ಮುಂಜಾನೆ ಕಲಸ್ರಿ. ಪಟ್ಟಿಗೂ ತುಂಡಿಗೂ ಪಿನ್ನಿಗೂ ಹಚ್ರಿ. ಕ್ಲಾಂಪ್ ಮೂಳೆ ಮುರಿಯೋ ಹಂಗ ಬಿಗೀಬ್ಯಾಡ್ರಿ, ಅಂಟೆಲ್ಲಾ ಹೊರಗ ಹರದು ಒಳಗ ಒಣ ಉಳೀತೈತಿ. ಸುತ್ತಲೂ ಸಣ್ಣ ಗೆರಿ ಅಂಟು ಬಂತಂದ್ರ ಸಾಕು. ಮುಂದಿನ ತುದ್ಯಾಗ ಬಂದಿದ್ದನ್ನ ಹಸಿ ಇರೂವಾಗಲೇ ಥಿನ್ನರ್ ಬಟ್ಟಿಯಿಂದ ಒರಸ್ರಿ. 24 ತಾಸು ಮುಟ್ಟಬ್ಯಾಡ್ರಿ. ಮಶೀನಿನಾಗ ತಿಕ್ಕೂವಾಗ ಪಿನ್ನಿಗೆ ಬೆರಳಿಟ್ಟು ನೋಡ್ರಿ, ಸುಟ್ರ ನಿಲ್ಲಸ್ರಿ. ಬಿಸಿಗೆ ಒಳಗಿನ ಅಂಟು ಮೆತ್ತಗಾಗತೈತಿ.

ಕೇಳಿದವರು:
ಜಾಲಿ ಹಾಕತೀನ್ರಿ. ಎರಡು ಮಾತು. ಪಾಲಿಶಿಗೆ ಮನ್ಯಾಗಿನ ಶೇಂಗಾ ಎಣ್ಣಿ ನಡೀತೈತೇನು? ಇನ್ನ, ಹಿಂದಿನ ತೂತಿನ ಸುತ್ತ ತುಕ್ಕು ತಿಂದು ಪಟ್ಟಿ ತೆಳ್ಳಗಾಗೈತಿ.

ಜಮಖಂಡಿಯಿಂದ:
ಶೇಂಗಾ ಎಣ್ಣಿ ಎಂದೂ ಒಣಗೂದಿಲ್ರಿ, ಜಿಗಟಾಗಿ ಧೂಳು ಹಿಡದು ಕಮಟು ವಾಸನಿ ಬರತೈತಿ. ಕೊಬ್ರಿ ಎಣ್ಣೀನೂ ಹಂಗ. ಒಣಗೂದು ಅಗಸಿ ಎಣ್ಣಿ. ಗಾಣದ್ದು ಸಿಕ್ರ ತೆಳ್ಳಗ ಹಚ್ಚಿ ಹತ್ತು ನಿಮಿಷಕ್ಕ ಉಳದಿದ್ದು ಪೂರ್ತಿ ಒರಸ್ರಿ, ವಾರ ಬಿಟ್ಟು ಮತ್ತೊಮ್ಮೆ, ಹಿಂಗ ನಾಕೈದು ಸಲ. ದಪ್ಪಗ ಹಚ್ಚಿದ್ರ ಮ್ಯಾಲ ಕೆನಿ ಕಟ್ಟಿ ಒಳಗ ಹಸಿ. ಒರಸಿದ ಅರವಿ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಒಣಗೂವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತತೈತಿ. ಹೊರಗ ಹರವಿ ಒಣಗಸ್ರಿ.

ಉದ್ಯಮಬಾಗದಿಂದ:
ಹಿಂದಿನ ತೂತಾದ್ರ ಚಿಂತಿಲ್ಲ, ಎಪಾಕ್ಸಿ ತುಂಬಿ ಬಿಡ್ರಿ, ಎರಡು ಪಿನ್ನು ಸಾಕು. ಮುಂದಿಂದು ಆಗಿದ್ರ ಬಿಡಾಕ ಬರತಿರಲಿಲ್ಲ, ಹೆಚ್ಚೂವಾಗ ಜೋರು ಬೀಳೂದು ಅಲ್ಲೇ. ಹೊಸಾ ತೂತು ಬೇಕೇ ಅನಿಸಿದ್ರ ಹಳೇದರಿಂದ ಅಲಗಿನ ಕಡೆ 12 ಮಿ.ಮೀ. ಈಚಿಗೆ ಹಾಕ್ರಿ, ಆದ್ರ ಚಾಕು ಉಕ್ಕಿಗೆ ಸಾದಾ ಬಿಟ್ ಜಾರತೈತಿ, ಕೋಬಾಲ್ಟ್ ಬಿಟ್, ನಿಧಾನ ಸ್ಪೀಡು, ಎರಡು ಹನಿ ಎಣ್ಣಿ. ಪಿನ್ನಿಗೆ 304 ಸ್ಟೀಲಿನ 5 ಮಿ.ಮೀ. ಸಲಾಕಿ ತಗೋರಿ. ಹಿತ್ತಾಳಿ ಚಂದ ಕಾಣತೈತಿ, ಹುಣಸಿ, ನಿಂಬಿ ಹುಳಿಗೆ ಹಸರು ಕಟ್ಟತೈತಿ. ಮತ್ತ ಜಾಲಿಗೆ ಪಿನ್ನಿನ ತಲಿ ಬಡದು ಅಗಲ ಮಾಡಬ್ಯಾಡ್ರಿ, ಸಮ ತಿಕ್ಕಿ ಬಿಡ್ರಿ.