ಸ್ಕಿಮ್ಮರ್ ಮೇಲೆ ತೆಂಗಿನಕಾಯಿ ಬಿತ್ತು, ಪುಡಿ-ದ್ರವದ ಅಕ್ರಿಲಿಕ್ ಹಾಕಿದ್ರೆ ನಿಲ್ಲುತ್ತಾ?

ತೋಟದಮನೆ_ಪಾಂಡವಪುರ:

ಪಾಂಡವಪುರದ ಹತ್ತಿರ ನಮ್ಮ ತೋಟದಲ್ಲಿ ನಾಲ್ಕು ರೂಮಿನ ಹೋಂಸ್ಟೇ ನಡೆಸುತ್ತೇನೆ. ಒಂದು ಚಿಕ್ಕ ಈಜುಕೊಳ ಇದೆ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಪಕ್ಕದಲ್ಲೇ ತೆಂಗಿನ ಮರ. ನೆರಳಿಗಿರಲಿ ಅಂತ ನಾನೇ ಕಡಿಯಲು ಬಿಟ್ಟಿರಲಿಲ್ಲ. ಹೋದ ತಿಂಗಳು ಅದರ ಒಂದು ಕಾಯಿ ನೇರ ಸ್ಕಿಮ್ಮರ್ ಮೇಲೆ ಬಿತ್ತು. ಅದೇ, ತೇಲುವ ಎಲೆ, ಕಸ ಎಳೆದುಕೊಳ್ಳೋಕೆ ಗೋಡೆಯಲ್ಲಿ ಕೂರಿಸಿರುತ್ತಾರಲ್ಲ, ಆ ಡಬ್ಬ. ಮುಚ್ಚಳ ಎರಡು ಹೋಳಾಯಿತು. ಅದು ಹೋಗಲಿ, ಬೇರೆ ಸಿಗುತ್ತೆ. ಡಬ್ಬದ ಬಾಯಲ್ಲಿ ನಾಲ್ಕು ಇಂಚು ಬಿರುಕು ಬಿಟ್ಟಿದೆ.

ನೀರು ದಿನಕ್ಕೆ ಒಂದೂವರೆ ಇಂಚು ಇಳಿಯುತ್ತಿದೆ. ಬಿಸಿಲಿಗೇ ಆರುತ್ತಿದೆಯೇನೋ ಅಂತ ಮೆಟ್ಟಿಲ ಮೇಲೆ ಬಕೆಟ್ ನೀರು ಇಟ್ಟು ನೋಡಿದೆ. ಬಕೆಟ್ಟಿನಲ್ಲಿ ಕಾಲು ಇಂಚೂ ಇಳಿದಿಲ್ಲ. ಕೊಳದ ನೀರು ಬಿರುಕಿನಿಂದ ಕೆಳಗೆ ಬಂದ ಮೇಲೆ ತಾನಾಗಿ ನಿಂತುಬಿಡುತ್ತೆ. ಸೋರುತ್ತಿರುವುದು ಅಲ್ಲೇ, ಅನುಮಾನವಿಲ್ಲ. ಒಂದು ಇಂಚು ಅಂದ್ರೆ ನಮ್ಮ ಕೊಳಕ್ಕೆ 470 ಲೀಟರ್. ಏಪ್ರಿಲ್‌ನಲ್ಲಿ ಬೋರ್ ನೀರನ್ನು ಹೀಗೆ ಮಣ್ಣಿಗೆ ಕುಡಿಸೋಕೆ ಹೊಟ್ಟೆ ಉರಿಯುತ್ತೆ.

ಕೊಳ ಕಟ್ಟಿದವರು ಟೈಲ್ಸು, ಕಾಂಕ್ರೀಟು ಒಡೆದು ಹೊಸ ಡಬ್ಬ ಕೂರಿಸಬೇಕು ಅಂತಾರೆ. ಮಕ್ಕಳಿಗೆ ರಜೆ ಶುರುವಾಗಿದೆ, ರೂಮು ಬುಕ್ ಆಗಿವೆ. ಪೈಪ್ ಅಂಟು ಸವರಿದೆ, ಕಾಯಿಸಿದ ಹಾಲಿನ ಕೆನೆ ಥರ ಎದ್ದು ಬಂತು. ಎಪಾಕ್ಸಿ ನಾದಿ ಮೆತ್ತಿದೆ, ಒಂಬತ್ತನೇ ದಿನ ಇಡೀ ಚಕ್ಕೆ ಡಬ್ಬದೊಳಗಿನ ಕಸದ ಬುಟ್ಟಿಗೆ ಬಿದ್ದಿತ್ತು. ಈಗ ಯಾರೋ ಅಕ್ರಿಲಿಕ್ ಪುಡಿ, ದ್ರವ ಕಲಸಿ ಹಾಕಿ ಅಂತಿದ್ದಾರೆ. ಯಾರಾದರೂ ಮಾಡಿದ್ದೀರಾ?

ಅದರಲ್ಲೇ ಇನ್ನೆರಡು ಕೆಲಸವೂ ಆಗುತ್ತಾ ನೋಡಿ. ಫಿಲ್ಟರ್ ತಲೆಯ ಮೇಲೆ, ಹಿಡಿ ತಿರುಗಿಸಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ಇದೆಯಲ್ಲ, ಅದರ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು, ತೊಟ್ಟಿಕ್ಕುತ್ತೆ. ಕೊಳದ ತಳದ ಜಾಲರಿಯಲ್ಲಿ ಒಂದು ಕಡ್ಡಿ ಮುರಿದಿದೆ.

ಹಲ್ಲಿನ_ಲ್ಯಾಬು_ಮೈಸೂರು:

ಅಕ್ಕ, ಆ ಪುಡಿ-ದ್ರವವೇ ನನಗೆ ಅನ್ನ. ಬನ್ನಿಮಂಟಪದ ಕಡೆ ಹಲ್ಲಿನ ಸೆಟ್ಟು ಮಾಡುವ ಲ್ಯಾಬ್ ಇಟ್ಟು ಹತ್ತೊಂಬತ್ತು ವರ್ಷ ಆಯಿತು. ಸೆಟ್ಟು ಮುರಿದರೆ ನಾವು ಜೋಡಿಸುವುದು ಕೋಲ್ಡ್ ಕ್ಯೂರ್, ಅಂದ್ರೆ ಕಾಯಿಸದೆ ತಾನೇ ಗಟ್ಟಿಯಾಗುವ ಅಕ್ರಿಲಿಕ್‌ನಲ್ಲಿ. ಪ್ಲಾಸ್ಟಿಕ್ ರಿಪೇರಿಗೆ ಅಂತ ಮಾರುವ ಅಕ್ರಿಲಿಕ್ ಕಿಟ್ಟೂ ಅದರ ಅಣ್ಣ-ತಮ್ಮನೇ. ಪುಡಿ ಆಗಲೇ ಗಟ್ಟಿಯಾದ ಅಕ್ರಿಲಿಕ್. ದ್ರವ ಮೀಥೈಲ್ ಮೆಥಾಕ್ರಿಲೇಟ್. ಎರಡೂ ಸೇರಿದರೆ ಬಿಸಿಯಾಗಿ, ಹತ್ತು-ಹದಿನೈದು ನಿಮಿಷದಲ್ಲಿ ಕಲ್ಲಾಗುತ್ತೆ.

ಆದರೆ ಮೊದಲು ನಿಮ್ಮ ಡಬ್ಬ ಯಾವ ಪ್ಲಾಸ್ಟಿಕ್ ಅಂತ ತಿಳ್ಕೊಳ್ಳಿ. ಎಬಿಎಸ್, ಪಿವಿಸಿ, ಅಕ್ರಿಲಿಕ್ ಆದರೆ ಆ ದ್ರವ ಮೇಲ್ಮೈಯನ್ನು ಸ್ವಲ್ಪ ಕರಗಿಸಿ ಒಳಗೆ ಇಳಿಯುತ್ತೆ. ಅದಕ್ಕೇ ಗಟ್ಟಿ ಹಿಡಿತ. ಪಾಲಿಪ್ರೊಪಿಲೀನ್, ಅಂದ್ರೆ ಪಿಪಿ ಆದರೆ ಎಷ್ಟು ಸುರಿದರೂ ಕೆಸುವಿನ ಎಲೆ ಮೇಲಿನ ನೀರು. ಎಷ್ಟೋ ಪಂಪಿನ ಹೊಟ್ಟೆ ಅದರದ್ದೇ, ಗಾಜಿನ ನಾರು ಬೆರೆಸಿದ್ದು. ಅಚ್ಚಿನಲ್ಲಿ ಪಿಪಿ ಅಂತ ಇದ್ದರೆ ಈ ಕಿಟ್ಟಿಗೆ ದುಡ್ಡು ಹಾಕಬೇಡಿ. ಗುರುತು ಕಾಣದಿದ್ದರೆ ಕಿವಿಗೆ ಹಾಕುವ ಹತ್ತಿಕಡ್ಡಿಗೆ ಅಸಿಟೋನ್ ಅದ್ದಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಉಜ್ಜಿ. ಎಬಿಎಸ್ ಬೇಗ ಅಂಟಂಟಾಗಿ ಹತ್ತಿಗೆ ಬಣ್ಣ ಬಿಡುತ್ತೆ. ಪಿಪಿ ಕ್ಯಾರೇ ಅನ್ನಲ್ಲ.

ಎಬಿಎಸ್ ಆದರೆ ಹೀಗೆ ಮಾಡಿ. ನೀರನ್ನು ಬಿರುಕಿಗಿಂತ ಅರ್ಧ ಅಡಿ ಕೆಳಗೆ ಇಳಿಸಿ, ಒಂದು ದಿನ ಪೂರ್ತಿ ಒಣಗಿಸಿ. ನಿಮ್ಮ ಕಡೆ ಬೋರ್ ನೀರು ಗಡಸು, ಬಿಳಿ ಉಪ್ಪಿನ ಪದರ ಕಟ್ಟಿರುತ್ತೆ. ವಿನೆಗರ್ ಹಾಕಿ ಅದನ್ನು ತೆಗೆಯದೆ ಏನು ಮೆತ್ತಿದರೂ ಉಪ್ಪಿನ ಮೇಲೆ ಮೆತ್ತಿದ ಹಾಗೆ. ನಿಮ್ಮ ಎಪಾಕ್ಸಿ ಎದ್ದಿದ್ದೂ ಇದಕ್ಕೇ ಇರಬಹುದು. ಪೈಪ್ ಅಂಟಿನ ಕಥೆ ಬೇರೆ. ಬಿಗಿಯಾಗಿ ಕೂರುವ ಎರಡು ಮೈ ಇದ್ದರೆ ಮಾತ್ರ ಅದರ ಕೆಲಸ, ಸಂದು ತುಂಬೋಕಲ್ಲ.

ಬಿರುಕಿನ ಎರಡೂ ತುದಿಗೆ 3 ಎಂಎಂ ಬಿಟ್ಟಿನಲ್ಲಿ ತೂತು ಹಾಕಿ. ಇಲ್ಲದಿದ್ದರೆ ಬಿರುಕು ಮುಂದೆ ಓಡುತ್ತೆ. ಬಿರುಕನ್ನು ಇಂಗ್ಲಿಷಿನ ವಿ ಆಕಾರಕ್ಕೆ ಕೆರೆದು ಅಗಲ ಮಾಡಿ. ಸುತ್ತ ಒಂದು ಇಂಚು 80 ನಂಬರ್ ಉಪ್ಪುಕಾಗದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಒಂದೇ ಸಲ ಕಲಸಬೇಡಿ. ಸಣ್ಣ ಬ್ರಷ್ಷನ್ನು ದ್ರವದಲ್ಲಿ ಅದ್ದಿ, ಪುಡಿಗೆ ಮುಟ್ಟಿಸಿದರೆ ತುದಿಯಲ್ಲಿ ಸಾಸಿವೆಯಷ್ಟು ಉಂಡೆ ಬರುತ್ತೆ. ಅದನ್ನು ಸಂದಿಗೆ ಇಳಿಸುತ್ತಾ ಹೋಗಿ. ತುಂಬಿದ ಮೇಲೆ ಗ್ಲಾಸ್ ಫೈಬರ್ ಬಟ್ಟೆಯ ಪಟ್ಟಿ ಇಟ್ಟು ಇನ್ನೊಂದು ಪದರ. ಡಬ್ಬದ ಹಿಂದೆ ಕಾಂಕ್ರೀಟ್ ಇರುವುದರಿಂದ ಒಳಗಿನ ಈ ಪದರವೇ ಆಧಾರ.

ಬೆಳಿಗ್ಗೆ ಆರಕ್ಕೇ ಶುರು ಮಾಡಿ. ಬಿಸಿಲೇರಿದರೆ ಕೈಯಲ್ಲೇ ಗಟ್ಟಿಯಾಗುತ್ತೆ. ದ್ರವಕ್ಕೆ ಗಾಜಿನ ಬಟ್ಟಲೇ ಬೇಕು, ಥರ್ಮಕೋಲ್ ಲೋಟ ಕರಗಿಹೋಗುತ್ತೆ. ಹತ್ತಿರ ಬೀಡಿ, ಒಲೆ ಬೇಡ. ಬರಿಗೈಲಿ ಮುಟ್ಟಲೇಬೇಡಿ. ತೆಳು ಗ್ಲೌಸನ್ನೂ ದಾಟಿ ಬರುತ್ತೆ ಅದು, ತಾಗಿದ ಕೂಡಲೇ ಗ್ಲೌಸ್ ಬದಲಿಸಿ. ಮೊದಲ ಐದು ವರ್ಷ ನಾನು ಧಿಮಾಕು ಮಾಡಿದೆ. ಈಗ ಚಳಿ ಬಂದರೆ ಬೆರಳ ತುದಿ ಒಡೆದು ಸಾರಿನಲ್ಲಿ ಕೈ ಅದ್ದೋಕಾಗಲ್ಲ.

ಪಂಪ್_ರೂಮು:

ಮೈಸೂರಿನಲ್ಲಿ ಮೂರು ಅಪಾರ್ಟ್‌ಮೆಂಟ್ ಕೊಳ ನೋಡ್ಕೋತೀನಿ. ಸ್ಕಿಮ್ಮರಿಗೆ ಮೇಲಿನವರು ಹೇಳಿದ್ದು ಸರಿ, ಅಲ್ಲಿ ಒತ್ತಡ ಇಲ್ಲ. ವಾಲ್ವ್ ಮುಚ್ಚಳಕ್ಕೆ ಮಾತ್ರ ಬೇಡ ಮೇಡಂ. ಪಂಪು ತಳ್ಳುವ ನೀರೆಲ್ಲ ಅದರ ಕೆಳಗೇ ಇರುತ್ತೆ. ಒತ್ತಡದ ಮೀಟರಿನಲ್ಲಿ 10 ಪಿಎಸ್‌ಐ ಅಂದ್ರೆ ಏಳು ಮೀಟರ್ ಎತ್ತರದ ನೀರಿನ ಭಾರ. ಅಂಟಿಸಿದ ಮುಚ್ಚಳ ಸಿಡಿದರೆ ಎದುರಿಗೆ ಇರೋದು ಹಿಡಿ ತಿರುಗಿಸುವವನ ಮುಖ. ಹೊಸ ಮುಚ್ಚಳ, ಹೊಸ ಗ್ಯಾಸ್ಕೆಟ್ ತರಿಸಿ. ಮೋಟಾರ್ ಓಡುವಾಗಲೇ ಯಾರೋ ಹಿಡಿ ತಿರುಗಿಸಿದ್ದಾರೆ ಅನ್ಸುತ್ತೆ, ವಿಚಾರಿಸಿ.

ಜಾಲರಿ ಬದಲಿಸುವ ತನಕ ಮಕ್ಕಳನ್ನು ನೀರಿಗೆ ಬಿಡಬೇಡಿ. ಆ ಜಾಗದಲ್ಲಿ ಪಂಪಿನ ಎಳೆತ ಇರುತ್ತೆ. ಕಡ್ಡಿ ಮುರಿದ ಕಡೆ ಕೂದಲು, ಕೈಬೆರಳು ಸಿಕ್ಕಿಕೊಂಡರೆ ದೊಡ್ಡವರು ಎಳೆದರೂ ಬರಲ್ಲ. ಅಮೆರಿಕದಲ್ಲಿ ಒಂದು ಮಗು ಇಂಥ ಎಳೆತಕ್ಕೆ ಸಿಕ್ಕಿ ಸತ್ತ ಮೇಲೆ 2007ರಲ್ಲಿ ಈ ಜಾಲರಿಗೇ ಕಾನೂನು ಮಾಡಿದರು. ಅಂಟಿಸುವ ಮಾತೇ ಬೇಡ. ಗುಮ್ಮಟದ ಥರ ಉಬ್ಬಿರುವುದನ್ನು ಕೇಳಿ ತಗೊಳ್ಳಿ, ಸ್ಕ್ರೂ ಪೂರ್ತಿ ಇರಲಿ.

ತೋಟದಮನೆ_ಪಾಂಡವಪುರ:

ಹದಿನೆಂಟು ದಿನದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು.

ಹತ್ತಿಕಡ್ಡಿಗೆ ಬಿಳಿ ಬಣ್ಣ ಬಂತು, ಎಬಿಎಸ್. ಮೊದಲ ದಿನ ಹಾಲು ಕರೆದು, ಡೇರಿಗೆ ಹಾಕಿ, ಅತಿಥಿಗಳಿಗೆ ಇಡ್ಲಿ ಕೊಡುವಷ್ಟರಲ್ಲಿ ಹತ್ತು ಗಂಟೆ. ಜೊತೆಗೆ ಬುದ್ಧಿವಂತಿಕೆ ಮಾಡಿ ಒಟ್ಟಿಗೇ ಕಲಸಿದೆ. ಅರ್ಧ ಬಿರುಕು ತುಂಬುವಷ್ಟರಲ್ಲಿ ಬಟ್ಟಲಲ್ಲಿ ಕಲ್ಲಾಯಿತು, ಚಮಚವೂ ಅಲ್ಲೇ ಸಮಾಧಿ. ಮಾರನೇ ದಿನ ನಮ್ಮ ಮನೆಯವರಿಗೆ ಹಾಲಿನ ಕೆಲಸ ವಹಿಸಿ ಆರಕ್ಕೆ ಕೂತೆ. ಬ್ರಷ್ಷಿನಲ್ಲಿ ಸಾಸಿವೆ ಉಂಡೆ ಇಡೋದು ರಂಗೋಲಿ ಚುಕ್ಕಿ ಇಟ್ಟ ಹಾಗೇ ಇತ್ತು. ಮುಕ್ಕಾಲು ಗಂಟೆ ಹಿಡಿಯಿತು. 24 ಗಂಟೆ ಬಿಟ್ಟು ನೀರು ತುಂಬಿಸಿದೆ. ಈಗ ಬಕೆಟ್ಟಿನಲ್ಲಿ ಎಷ್ಟು ಇಳಿಯುತ್ತೋ ಕೊಳದಲ್ಲೂ ಅಷ್ಟೇ.

ಹೊಸ ಜಾಲರಿ ಬರುವ ತನಕ, ಆರು ದಿನ, ಕೊಳಕ್ಕೆ ಹಗ್ಗ ಕಟ್ಟಿದ್ದೆ. ಬೆಂಗಳೂರಿನ ಒಂದು ಕುಟುಂಬ ಮುನಿಸಿಕೊಂಡು ಬೇಗ ಹೊರಟಿತು. ಹೋಗಲಿ ಬಿಡಿ. ವಾಲ್ವ್ ಹಿಡಿ ತಿರುಗಿಸಿದ್ದು ನಮ್ಮ ಕೆಲಸದ ಹುಡುಗನೇ, ಒಪ್ಪಿಕೊಂಡ. ಮುಚ್ಚಳ ಬದಲಾಯಿಸಿದ್ದಾಯಿತು.

ಲ್ಯಾಬಿನ ಅಣ್ಣ, ಒಂದು ಸಂದೇಹ. ಹಾಕಿದ ಜಾಗ ಸ್ವಲ್ಪ ಹಳದಿಗೆ ತಿರುಗಿದೆ. ಕ್ಲೋರಿನ್ನಿಗಾ, ಬಿಸಿಲಿಗಾ?

ಹಲ್ಲಿನ_ಲ್ಯಾಬು_ಮೈಸೂರು:

ಬರೀ ಬಣ್ಣ ಅಕ್ಕ, ಗಟ್ಟಿಗೆ ತೊಂದರೆ ಇಲ್ಲ. ಉಗುರಿನಲ್ಲಿ ಕೆರೆದಾಗ ಅಂಚು ಏಳದಿದ್ದರೆ ಆಯಿತು. ಮೊದಲು ಆ ಮರದ ಕಾಯಿ ಕೀಳಿಸಿ.

ತೋಟದಮನೆ_ಪಾಂಡವಪುರ:

ನಿನ್ನೆನೇ ಕೀಳಿಸಿದೆ. 62 ಕಾಯಿ.